ಫ್ಯಾಮಿಲಿ ರೂಮಿನಲ್ಲಿ ಕೂತು ನೋಡಿದ ಫೈನಲ್

ಹೋದ ತಿಂಗಳು ಕಮಲಾಪುರದ ಸಂತೆಯಲ್ಲಿ ಒಂದು ಪೊಟ್ಟಣ ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಚಟ್ನಿಪುಡಿ ಕೊಂಡೆ. ಮಹಿಳಾ ಸಂಘದವರು ಟೇಬಲ್ ಹಾಕಿಕೊಂಡು ಮಾರುತ್ತಿದ್ದರು. ಪೊಟ್ಟಣದ ಮೇಲೆ 'ಮನೆಯಲ್ಲೇ ಮಾಡಿದ್ದು' ಅಂತ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಮನೆಯಲ್ಲೇ ಮಾಡಿದ್ದಾದರೆ ಅಚ್ಚು ಹಾಕಿಸಿ ಹೇಳುವ ಅಗತ್ಯವೇನು ಎಂದು ನನಗೆ ಅಲ್ಲೇ ಅನುಮಾನ ಬಂತು. ತಾರೀಖು ನೋಡಿದೆ, ತಿರುಗಿಸಿ ತಳ ನೋಡಿದೆ, ಬೆಳಕಿಗೆ ಹಿಡಿದು ಕಲ್ಲು ಕಸ ಇದೆಯೋ ಎಂದು ನೋಡಿದೆ. ಮಾರುವ ಹೆಂಗಸು ಬೇಸತ್ತು, "ತಗೊಳ್ರಿ ಅಮ್ಮಾರ, ಅದರಾಗೇನು ವಿಷ ಹಾಕಿಲ್ಲ," ಅಂದಳು. ತಂದೆ. ಮನೆಯಲ್ಲಿ ಕತ್ತರಿಯಿಂದ ಮೂಲೆ ಕತ್ತರಿಸಿದ್ದೇ ತಡ, ಹುರಿದ ಗುರೆಳ್ಳಿನ ಘಾಟು, ಅದರ ಹಿಂದೆಯೇ ಬೆಳ್ಳುಳ್ಳಿಯ ವಾಸನೆ ಮೂಗಿಗೆ ಹತ್ತಿತು. ಎದುರುಮನೆ ಅಕ್ಕ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು…

ನಾನು ಮದುವೆಯಾಗಿ ಸಂಡೂರಿನಿಂದ ಹೊಸಪೇಟೆಗೆ ಬಂದಾಗ ನನಗೆ ಸಿಕ್ಕಿದ ಮೊದಲ ಗೆಳತಿ ಈ ಅಕ್ಕ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಮಗಳನ್ನು ಆಗಲೇ ಕಮಲಾಪುರಕ್ಕೆ ಕೊಟ್ಟಾಗಿತ್ತು. ಗಂಡ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರನ್ನು ನಾನು ಅಣ್ಣಾರು ಎನ್ನುತ್ತಿದ್ದೆ. ನನ್ನ ಯಜಮಾನರು ಮೈನ್ಸ್ ಕೆಲಸವೆಂದು ವಾರದಲ್ಲಿ ಮೂರು ನಾಲ್ಕು ದಿನ ಸಂಡೂರಿನಲ್ಲೇ ಇರುತ್ತಿದ್ದುದರಿಂದ ನನ್ನ ಹಗಲೆಲ್ಲ ಅಕ್ಕನ ಪಡಸಾಲೆಯಲ್ಲಿ ಕಳೆಯುತ್ತಿತ್ತು. ಅಕ್ಕನದು ಲಿಂಗಪೂಜೆ ಆಗದೆ ಬಾಯಿಗೆ ನೀರು ಬಿಟ್ಟುಕೊಳ್ಳದ ಮನೆ. ನನ್ನದು ಮೀನು ತಿನ್ನುವ ಮನೆ. ಅಕ್ಕನಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ನಮ್ಮ ಮನೆಯಲ್ಲಿ ಮೀನು ಹುರಿದ ದಿನ ಮಾತ್ರ ಅವರ ಬೀದಿ ಕಡೆಯ ಕಿಟಕಿ ಮುಚ್ಚಿರುತ್ತಿತ್ತು.

ಅಕ್ಕನಂಥ ಸಂಶಯದ ಮನುಷ್ಯರನ್ನು ನಾನು ಮತ್ತೆ ಕಂಡಿಲ್ಲ. ಹಾಲಿನವನು, ಸೊಪ್ಪಿನವಳು, ಸಿಲಿಂಡರ್ ತರುವವನು ಎಲ್ಲರೂ ಅವರ ಮುಂದೆ ಆರೋಪಿಗಳೇ. ಹಾಲಿನ ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು, ಅದು ಹರಿಯುವ ಪರಿ ನೋಡಿ ತೀರ್ಪು ಕೊಡುತ್ತಿದ್ದರು. ಬೆಂಡೆಕಾಯಿಯ ತುದಿ ಮುರಿಯದೆ ಕೊಳ್ಳುತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಬರೆದು ಮರೆತವರು, ಅಕ್ಕ ಅದರ ಪ್ರಕಾರವೇ ಸಂಸಾರ ಮಾಡಿದವರು. ಇವತ್ತು ನನ್ನ ಸೊಸೆ ನನ್ನನ್ನು ಪೊಲೀಸ್ ಅತ್ತೆ ಎಂದು ಆಡಿಕೊಳ್ಳುತ್ತಾಳಲ್ಲ, ಆ ವಿದ್ಯೆ ನನಗೆ ಬಂದದ್ದು ಎದುರುಮನೆಯಿಂದ.

ಕ್ರಿಕೆಟ್ಟಿನ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಅಣ್ಣಾರಿಗೋ ಆಟದ ಹುಚ್ಚು. ಮನೆಯಲ್ಲಿ ಒಳ್ಳೆಯ ಟಿವಿ ಇತ್ತು. ಅವರು ಕಾಲು ಚಾಚಿ ಕೂತರೆ ಸಾಕು, ಅಕ್ಕ ಅಕ್ಕಿ ಆರಿಸುತ್ತ ಬಂದು ಪಕ್ಕದಲ್ಲಿ ಕೂತು, ಒಂದೊಂದು ಚೆಂಡಿಗೂ, "ಇದು ಮೊದಲ ಮಾತಾಡಿಕೊಂಡಾರ," ಅನ್ನುತ್ತಿದ್ದರು. ಸಿಕ್ಸರ್ ಹೊಡೆದರೂ ಅದೇ, ಕ್ಯಾಚ್ ಬಿಟ್ಟರೂ ಅದೇ. "ನೋಡ್ರಿ, ಹೆಂಗ ಬೇಕಂತ ಕೈಬಿಟ್ಟ." ಈ ಮಾತು ಕೇಳುತ್ತ ಯಾವ ಗಂಡಸು ತಾನೇ ಮ್ಯಾಚ್ ನೋಡಿಯಾನು? ಬರಬರುತ್ತ ಅಣ್ಣಾರು ಮನೆಯಲ್ಲಿ ಆಟ ನೋಡುವುದನ್ನೇ ಬಿಟ್ಟರು. ಮ್ಯಾಚಿನ ದಿನವೇ ಅವರಿಗೆ ಶಿಫ್ಟ್ ಬೀಳತೊಡಗಿತು. ಇದು ಅಕ್ಕನ ಗಮನಕ್ಕೆ ತಡವಾಗಿ ಬಂತು. ಬಂದ ಮೇಲೆ ಮಾತ್ರ ಬಿಡಲಿಲ್ಲ.

ಮೊದಲು ಸಿಕ್ಕಿಬಿದ್ದದ್ದು ಅಂಗಿ. ತೋರಣಗಲ್ಲಿನಿಂದ ಬಂದವರ ಅಂಗಿ ನೆನೆಹಾಕಿದರೆ ಕಾಲರಿನಿಂದ ಕಪ್ಪು ನೀರು ಇಳಿಯಬೇಕು. ಕೆಲವು ದಿನ ಇಳಿಯುತ್ತಿತ್ತು, ಕೆಲವು ದಿನ ಬಕೆಟ್ಟಿನ ನೀರು ತಿಳಿಯಾಗಿಯೇ ಇರುತ್ತಿತ್ತು. ಆಮೇಲೆ ಕೈ. ಅಂಥ ತಿಳಿನೀರಿನ ದಿನಗಳಂದೇ ಅಣ್ಣಾರ ಬೆರಳುಗಳಲ್ಲಿ ನಿಂಬೆಹಣ್ಣಿನ ವಾಸನೆ. "ಕಬ್ಬಿಣ ಕಾಯಿಸೋ ಜಾಗದಾಗ ನಿಂಬಿಹಣ್ಣು ಎಲ್ಲಿಂದ ಬರ್ತೈತಿ ತಂಗಿ?" ಎಂದು ಅಕ್ಕ ನನ್ನನ್ನು ಕೇಳಿದರು. ನನಗೇನು ಗೊತ್ತು? ಬಾಯಿ ಮೂಸಿ ನೋಡಿದರಂತೆ, ಕುಡಿದ ವಾಸನೆ ಇಲ್ಲ. ಕುಡಿದಿದ್ದರೆ ಅಕ್ಕನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಕುಡಿಯದೆ, ಶಿಫ್ಟಿಗೂ ಹೋಗದೆ, ಕೈಗೆ ನಿಂಬೆಹಣ್ಣು ತಿಕ್ಕಿಕೊಂಡು ಮನೆಗೆ ಬರುವ ಗಂಡ… ಹಾಗೆ ಯೋಚಿಸುತ್ತ ಯೋಚಿಸುತ್ತ ಅವರ ಮುಖ ಇಳಿದುಹೋಗುತ್ತಿತ್ತು.

ಮೂರನೆಯದು ಗುರೆಳ್ಳು ಪುಡಿ. ಅದು ಅಕ್ಕನ ಪ್ರಾಣ. ತವರು ಕಂಪ್ಲಿಯಿಂದ ತಂದ ರುಚಿ. ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಕಬ್ಬಿಣದ ಬಾಣಲೆಯಲ್ಲಿ ಗುರೆಳ್ಳು ಚಟಪಟ ಅನ್ನುವ ತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು ಸೇರಿಸಿ ಒಳಕಲ್ಲಿನಲ್ಲಿ ಕುಟ್ಟುತ್ತಿದ್ದರು. ಹುಳಿ ಹಾಕುವ ಹೊತ್ತಿಗೆ ಮಾತ್ರ ನನಗೆ ಏನಾದರೊಂದು ಕೆಲಸ ಹೇಳಿ ಹೊರಗೆ ಕಳಿಸುತ್ತಿದ್ದರು. ಹುಳಿಗೆ ಏನು ಹಾಕುತ್ತೀರಿ ಎಂದರೆ ಹುಣಸೆಹಣ್ಣು ಅನ್ನುತ್ತಿದ್ದರು. ಅದು ಹುಣಸೆಹಣ್ಣಲ್ಲ ಎಂದು ನನಗೂ ಗುಮಾನಿ ಇತ್ತು. ಈ ಪುಡಿಯನ್ನು ಅಣ್ಣಾರು ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ತಿಂದರೇ ಹೊರತು ಚೆನ್ನಾಗಿದೆ ಎಂದು ಒಂದು ದಿನವೂ ಅಂದವರಲ್ಲ. ಅಂಥವರು ಈಗ ರೊಟ್ಟಿಯ ಜೊತೆ ದೊಡ್ಡ ಡಬ್ಬಿ ತುಂಬ ಪುಡಿ ಒಯ್ಯತೊಡಗಿದ್ದರು. ಶಿಫ್ಟಿನಲ್ಲಿ ಎಲ್ಲರೂ ಕೇಳುತ್ತಾರೆ ಎಂಬ ಸಬೂಬು ಬೇರೆ.

ಕೊನೆಗೆ ಬೆಂಕಿ ಹಚ್ಚಿದವಳು ಸೊಪ್ಪಿನವಳು. ತೂಕದ ಬಗ್ಗೆ ಅಕ್ಕ ಅಂದದ್ದಕ್ಕೆ ಸೇಡು ತೀರಿಸಿಕೊಂಡಳೋ ಏನೋ, "ನಿಮ್ಮನಿಯವ್ರು ಮೊನ್ನೆ ಸ್ಟೇಷನ್ ರೋಡಿನ ಬಾರಿನಾಗ ಹೊಕ್ಕಿದ್ದು ನೋಡಿದೆನ್ರಿ, ಕೈಯಾಗ ಡಬ್ಬಿ ಇತ್ತು," ಅಂದಳು. ಆ ಬಾರು ನಮಗೆ ಗೊತ್ತಿತ್ತು. ಕೆಳಗೆ ಬಾರ್ ಅಂಡ್ ರೆಸ್ಟೋರೆಂಟು, ಮೇಲೆ ಲಾಡ್ಜು. ಅಕ್ಕ ಆ ಮೇಲಿನ ಮಹಡಿಯನ್ನು ಹಿಡಿದುಕೊಂಡರು. ಕುಡಿಯದವರು ಬಾರಿಗೆ ಹೋಗುತ್ತಾರೆಂದರೆ ಮೇಲೆ ಯಾರೋ ಇದ್ದಾರೆ, ಡಬ್ಬಿ ಅವಳಿಗೆ ಹೋಗುತ್ತಿದೆ. ತಾವು ವಿಭೂತಿ ಹಚ್ಚಿಕೊಂಡು ಕುಟ್ಟಿದ್ದನ್ನು ಅವಳು ಕೂತು ತಿನ್ನುತ್ತಿದ್ದಾಳೆ… ಅಕ್ಕ ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮತ್ತೆ ಸೊಪ್ಪು ಬಿಡಿಸುತ್ತ ಕೂತರು.

ವಿಶ್ವಕಪ್ಪಿನ ಫೈನಲ್ ಭಾನುವಾರ ಇತ್ತು. ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ದೇಶ ಫೈನಲಿಗೆ ಬಂದದ್ದರಿಂದ ಊರಿಗೆ ಊರೇ ಟಿವಿ ಮುಂದೆ ಕೂರಲು ತಯಾರಾಗಿತ್ತು. ಅಣ್ಣಾರು ಮಾತ್ರ ಸೆಕೆಂಡ್ ಶಿಫ್ಟ್ ಎಂದು ಡಬ್ಬಿ ಹಿಡಿದು ಬೆಳಗ್ಗೆ ಹನ್ನೊಂದಕ್ಕೇ ಹೊರಟರು. ಅವರು ಓಣಿಯ ತಿರುವು ದಾಟುತ್ತಲೇ ಅಕ್ಕ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಎರಡು ಸೀರೆ, ಪೂಜೆಯ ಸಾಮಾನು ತುಂಬಿದ್ದರು. "ಅಲ್ಲಿ ಹೆಂಗಸು ಕಂಡ್ಲು ಅಂದ್ರ ನಾ ಈ ಮನಿಗೆ ತಿರುಗಿ ಬರಾಂಗಿಲ್ಲ. ಅಲ್ಲಿಂದ ನೆಟ್ಟಗ ಕಂಪ್ಲಿ ಬಸ್ ಹತ್ತಾಕಿ. ನೀ ಜೋಡಿಗೆ ಬಾ." ಬ್ಯಾಡ್ರಿ ಅಕ್ಕ, ಬಾರಿಗೆ ನಾವಿಬ್ಬರೇ ಹೋದರೆ ನೋಡಿದವರು ಏನಂದಾರು ಅಂದೆ. "ಏನಂತಾರ? ಅವರಿಗೂ ಸಂಶಯ ಬರ್ತೈತಿ, ಬರ್ಲಿ," ಅಂದರು.  ಮಗಳ ಮದುವೆ ಮಾಡಿದ ಹೆಂಗಸು ಚೀಲ ಹಿಡಿದು ತವರುಮನೆಗೆ ಹೋಗಿ ನಿಲ್ಲುವುದೆಂದರೆ ಏನು ಸಣ್ಣ ಮಾತೇ?

ನಮ್ಮ ಊರಿನ ಬಾರುಗಳಲ್ಲಿ ಫ್ಯಾಮಿಲಿ ರೂಮ್ ಎಂಬುದೊಂದು ಇರುತ್ತದೆ. ಹೆಸರಿಗೆ ರೂಮು, ನಿಜವಾಗಿ ಪ್ಲೈವುಡ್ಡಿನ ಒಂದು ಅಡ್ಡಗೋಡೆ, ಅದಕ್ಕೊಂದು ಹಸಿರು ಪರದೆ. ನಾವು ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಕೂತೆವು. ವೇಟರ್ ನಡುವಯಸ್ಸಿನವನು. ನಮ್ಮನ್ನೂ, ಟೇಬಲ್ ಕೆಳಗಿಟ್ಟ ಚೀಲವನ್ನೂ ನೋಡಿ, "ಫ್ಯಾಮಿಲಿ ಏನ್ರಿ?" ಅಂದ.

"ಹೂಂ, ಫ್ಯಾಮಿಲಿ," ಅಂದರು ಅಕ್ಕ.

"ಗಂಡಸರು ಹಿಂದಿಂದ ಬರ್ತಾರೇನ್ರಿ?"

"ಮುಂಚೇನ ಬಂದಾರ."

ಅವನಿಗೆ ಅರ್ಥವಾಗಲಿಲ್ಲ. ನೀರಿಟ್ಟು ಹೋದ. ಟಿವಿ ಬಾರಿನ ಗೋಡೆಯ ಮೇಲೆ ಎತ್ತರದಲ್ಲಿತ್ತು. ಅಡ್ಡಗೋಡೆಯ ಮೇಲಿಂದ ನಮಗೂ ಅರ್ಧ ಕಾಣುತ್ತಿತ್ತು. ಬೌಲರ್ ಓಡಿ ಬರುವುದು ಕಂಡರೆ ಬ್ಯಾಟ್ಸ್‌ಮನ್ನಿನ ಕಾಲು ಕಾಣದು. ಅಕ್ಕನ ಕಣ್ಣು ಟಿವಿಯ ಮೇಲಿರಲಿಲ್ಲ. ಪರದೆಯ ಸಂದಿಯಿಂದ ಮಹಡಿಯ ಮೆಟ್ಟಿಲು ಕಾಣುತ್ತಿತ್ತು, ಅದನ್ನೇ ನೋಡುತ್ತ ಕೂತರು. ಯಾರು ಹತ್ತಿದರು, ಯಾರು ಇಳಿದರು… ಲಾಡ್ಜಿನಲ್ಲಿ ಕಸ ಗುಡಿಸುವ ಮುದುಕಿ ಇಳಿದು ಬಂದಾಗ ಅವಳನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ಈಕಿ ಅಲ್ಲ," ಅಂದರು.

ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದೆವು. ಬಾರಿನ ಅಡುಗೆ ಎಂದು ನಾನು ಮೂಗು ಮುರಿದಿದ್ದೆ, ತಿಂದು ನೋಡಿದರೆ ಮಸ್ತಾಗಿತ್ತು. ಮಿರ್ಚಿಯ ಒಳಗೆ ಜೀರಿಗೆ, ಹುಣಸೆ ಅರೆದು ತುಂಬಿದ್ದರು, ಮಂಡಕ್ಕಿ ನೆನೆದು ಮೆತ್ತಗಾಗಿದ್ದರೂ ಮುದ್ದೆಯಾಗಿರಲಿಲ್ಲ. ಅಕ್ಕ ಕೂಡ ಮೆಟ್ಟಿಲಿನಿಂದ ಕಣ್ಣು ತೆಗೆಯದೆ ಎರಡು ಮಿರ್ಚಿ ತಿಂದರು. ಆ ಕಡೆ ಎದುರಾಳಿಗಳು ನಮ್ಮ ಬೌಲರುಗಳನ್ನು ಒಗೆದು ಒಣಹಾಕುತ್ತಿದ್ದರು. ಒಂದೊಂದು ಬೌಂಡರಿಗೂ ಬಾರಿನ ತುಂಬ ಬೈಗುಳ. ಆ ಗದ್ದಲದಲ್ಲಿ ಅಕ್ಕ ತಟ್ಟನೆ ನನ್ನ ಮೊಣಕೈ ಹಿಡಿದರು. ಅಣ್ಣಾರ ದನಿ. "ಆಫ್ ಸೈಡಿನಾಗ ಯಾರನ್ನೂ ಇಟ್ಟಿಲ್ಲಲೋ!" ಅದೇ ದನಿ, ಆದರೆ ಮನೆಯಲ್ಲಿ ಅಷ್ಟು ಎತ್ತರಕ್ಕೆ ನಾವು ಎಂದೂ ಕೇಳಿರಲಿಲ್ಲ. ಮೇಲಿನ ಮಹಡಿಯಲ್ಲ, ಕೆಳಗೇ, ಟಿವಿಯ ಎದುರಿಗೇ ಇದ್ದರು. ನನಗೆ ಜೀವ ಬಂದಂತಾಯಿತು. ಅಕ್ಕನಿಗೆ ಆಗಲಿಲ್ಲ. "ಆಕಿ ಪಕ್ಕದಾಗ ಕುಂತಿರಬೇಕು," ಎಂದು ಪಿಸುಗುಟ್ಟಿದರು.

ಆಗಲೇ ವೇಟರ್ ಹುರಿದ ಮೀನಿನ ತಟ್ಟೆಗಳನ್ನು ಹೊತ್ತುಕೊಂಡು ನಮ್ಮ ಪರದೆಯ ಪಕ್ಕದಲ್ಲೇ ಹಾದುಹೋದ. ಡ್ಯಾಮಿನ ಮೀನು, ನನ್ನ ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮುಚ್ಚಿಕೊಂಡವರು ನಿಧಾನವಾಗಿ ಸೆರಗು ತೆಗೆದರು. ಮೀನಿನ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ವೇಟರ್ ತಿರುಗಿ ಬಂದಾಗ ಅದೇನೆಂದು ಕೇಳಿದರು.

"ಗುರೆಳ್ಳು ಮೀನು ರಿ. ನಮ್ಮಲ್ಲಿ ಭಾಳ ಫೇಮಸ್. ಮ್ಯಾಚ್ ದಿನ ಅಷ್ಟ ಸಿಗತೈತಿ. ಒಬ್ರು ಕಾಕಾರು ಮನಿಯಿಂದ ಪುಡಿ ತರ್ತಾರ. ಮೀನು ಮುಟ್ಟಿ ತಿನ್ನೋರಲ್ಲ ಅವ್ರು, ರೊಟ್ಟಿ ತಗೊಂಡು ಬಂದು ಸೋಡಾ ಕುಡದ್ಕೊಂತ ಮ್ಯಾಚ್ ನೋಡ್ತಾರ. ಒಮ್ಮೆ ಬಾಜೂಕಿನವರು ಅವರ ಪುಡಿಗೆ ಮೀನು ಹಚ್ಚಿಕೊಂಡು ತಿಂದ್ರು ನೋಡ್ರಿ, ಅವತ್ತಿಂದ ಎಲ್ಲಾರೂ ಅದನ್ನ ಕೇಳ್ತಾರ. ಬ್ಯಾರೆಯವರು ಉದುರಿಸಿದ್ರ ಹದ ತಪ್ಪತೈತಿ ಅಂತ ಕಾಕಾರು ತಮ್ಮ ಕೈಯಿಂದಾನ ಉದುರಿಸ್ತಾರ. ಅದಕ್ಕ ಟಿವಿ ಎದುರಿನ ಕುರ್ಚಿ ಅವರಿಗೇ."

ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಮೀನಿನ ವಾಸನೆ ಕಳೆಯಲು ತಿಕ್ಕಿಕೊಂಡ ನಿಂಬೆಹಣ್ಣು, ಡಬ್ಬಿ, ತಿಳಿನೀರು ಎಲ್ಲಕ್ಕೂ ಒಂದೇ ಏಟಿಗೆ ಉತ್ತರ ಸಿಕ್ಕಿತ್ತು. ಆದರೆ ಅಕ್ಕ ಬರಿ ಮಾತಿಗೆ ಒಪ್ಪುವವರೇ? "ಮೀನು ಬ್ಯಾಡ. ಮ್ಯಾಲಿನ ಪುಡಿ ಅಷ್ಟ ಒಂದು ಚೂರು ತಗೊಂಡ್ ಬಾ," ಅಂದರು. ವೇಟರ್ ಅವರನ್ನೇ ಒಂದು ಗಳಿಗೆ ನೋಡಿ ಪರದೆಯಾಚೆ ಹೋದ. ತಿರುಗಿ ಬರುವಾಗ ಸಣ್ಣ ಬಟ್ಟಲಿನಲ್ಲಿ ಪುಡಿ ಇತ್ತು. ಅಕ್ಕ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಒಣಗಿಸಿದ ಪುಂಡಿ ಎಲಿ," ಅಂದರು. "ಹುಣಸಿಹಣ್ಣಲ್ಲ, ಹುಳಿಗೆ ನಾನು ಹಾಕೋದು ಪುಂಡಿ ಎಲಿ. ನಮ್ಮವ್ವ ಹಾಕ್ತಿದ್ಲು. ನಂದ ಇದು." ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟದ್ದು ಬಾರಿನಲ್ಲಿ ಬಯಲಾಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಆಮೇಲೆ ಅಂದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. "ಹೆಂಗಸಾಗಿದ್ರ ಜುಟ್ಟು ಹಿಡಿದು ಜಗಳಾ ತಗೀತಿದ್ದೆ. ಮೀನಿನ ಜೋಡಿ ಏನಂತ ಜಗಳಾಡ್ಲಿ ತಂಗಿ?" ನನಗೆ ನಗು ಬಂತು, ಅವರ ಕಣ್ಣು ನೋಡಿ ನುಂಗಿಕೊಂಡೆ. ಲಿಂಗಕ್ಕೆ ಕೈಮುಗಿದು ಕುಟ್ಟಿದ ಪುಡಿ. ಎಡೆಗೆ ಇಟ್ಟೇ ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದುದು. ಅದು ಮೀನಿನ ಮೈಮೇಲೆ ಹೋಗಿ ಕೂತಿತ್ತು. ಯಾವಳೋ ಒಬ್ಬಳು ತಿಂದಿದ್ದರೂ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಅದರ ಬೆನ್ನಿಗೇ ಇನ್ನೊಂದಾಯಿತು. ಎದುರಾಳಿಗಳ ಆಟ ಮುಗಿಯುತ್ತ ಬಂದಿತ್ತು, ಬಾರಿನಲ್ಲಿ ಬೈದು ಬೈದು ಎಲ್ಲರೂ ಸುಸ್ತಾಗಿದ್ದರು. ಯಾರೋ ಕೇಳಿದರು, ಈ ಪುಡಿ ಯಾರು ಮಾಡುತ್ತಾರೆ ಕಾಕಾ ಎಂದು. ಆಗ ಅಣ್ಣಾರ ದನಿ ಅಡ್ಡಗೋಡೆಯ ಮೇಲಿಂದ ಸ್ಪಷ್ಟವಾಗಿ ಬಂತು.

"ನಮ್ಮನಿಯಾಕಿ. ಲಗ್ನಾಗಿ ಇಷ್ಟು ವರ್ಷಾತು, ಆಕಿ ಕೈಯಾಗ ಒಂದು ದಿನ ಕೆಟ್ಟದ್ದು ಅಂಬೋದು ಉಂಡಿಲ್ಲ ನಾನು. ಎಲ್ಲಾದಕ್ಕೂ ಸಂಶಯ ಪಡ್ತಾಳ, ಹೌದು. ಆದ್ರ ಆಕಿ ಸಂಶಯ ಪಟ್ಟು ಆರಿಸಿ ತಂದದ್ದಕ್ಕಾನ ನಮ್ಮನಿ ನಿಂತೈತಿ. ನಾನ ದಡ್ಡ, ಆಕಿ ಮುಂದ ಇದನ್ನ ಯಾವತ್ತೂ ಅಂದಿಲ್ಲ."

ಬಾರಿನಲ್ಲಿ ಯಾರೋ ಶಿಳ್ಳೆ ಹೊಡೆದರು.  ನಾನು ಅಕ್ಕನ ಕೈ ಹಿಡಿದುಕೊಂಡೆ. ಕೇಳಿದಿರಾ ಅಕ್ಕ ಅಂದೆ. ಅವರು ಪುಡಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ನಾನಿಲ್ಲಿ ಕುಂತದ್ದು ಅವರಿಗೆ ಗೊತ್ತಾಗೇತಿ," ಅಂದರು. "ವೇಟರ್ ಹೇಳ್ಯಾನ. ಅದಕ್ಕ ಬೆಲ್ಲದ ಮಾತು. ಮನ್ಯಾಗ ಬಾಯಿ ಬಿಡದವರು ಇಲ್ಲಿ ಯಾಕ ಬಿಡ್ತಾರ? ಇದೂ ಮೊದಲ ಮಾತಾಡಿಕೊಂಡದ್ದು." ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕುಡಿದವರು ಹೆಂಡತಿಯನ್ನು ಹೊಗಳುವುದುಂಟು, ಇವರು ಸೋಡಾ ಕುಡಿದು ಅಂದಿದ್ದಾರಲ್ಲ, ನಿಜವೇ ಇರಬೇಕು ಅಂದೆ. "ಅದಕ್ಕಾನ ಹೆಚ್ಚು ಸಂಶಯ," ಅಂದರು.

ನಮ್ಮವರ ಆಟ ಶುರುವಾಗುವವರೆಗೂ ಕೂತಿದ್ದೆವು. ಎದ್ದು ಹೋಗಲು ಅಕ್ಕನಿಗೆ ಮನಸ್ಸಿರಲಿಲ್ಲ. ಇನ್ನೊಂದು ಮಾತು ಬಂದೀತೆಂದು ಕಾಯುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಬರಲಿಲ್ಲ. ಮೊದಲನೇ ಓವರಿನಲ್ಲೇ ನಮ್ಮ ದೊಡ್ಡ ಆಟಗಾರ ಔಟಾದ. ಬಾರಿಗೆ ಬಾರೇ ಸ್ತಬ್ಧವಾಯಿತು, ಫ್ಯಾನಿನ ಸದ್ದು ಕೇಳುತ್ತಿತ್ತು. ಅಕ್ಕ ಚೀಲ ಎತ್ತಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿಯ ಬಸ್ಸು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ, ಅರ್ಧ ಖಾಲಿ, ಎಲ್ಲರೂ ಟಿವಿ ಮುಂದೆ ಇದ್ದರಲ್ಲ. ಅಕ್ಕ ಬಸ್ಸನ್ನೇ ನೋಡುತ್ತ ನಿಂತರು. ಏನು ಯೋಚಿಸಿದರೋ. "ಸಂಜೀಕ ರೊಟ್ಟಿ ತಟ್ಟಬೇಕು, ನಡಿ," ಎಂದು ಮನೆಯ ಕಡೆ ತಿರುಗಿದರು.

ಅವತ್ತು ನಾವು ಬಾರಿಗೆ ಹೋದದ್ದನ್ನು ಅಕ್ಕ ಗಂಡನಿಗೆ ಹೇಳಲಿಲ್ಲ. ಅಣ್ಣಾರು ಶಿಫ್ಟ್ ಮುಗಿಸಿ ಬಂದವರಂತೆ ಬಂದರು, ನಮ್ಮವರು ಸೋತ ಬೇಸರದಲ್ಲಿ ಊಟವನ್ನೂ ಸರಿಯಾಗಿ ಮಾಡಲಿಲ್ಲವಂತೆ. ಮುಂದಿನ ಸಲ ಪುಡಿ ಕುಟ್ಟುವಾಗ ಅಕ್ಕ ಎರಡು ಮಾಡಿದರು. ಒಂದು ಎಂದಿನಂತೆ, ಸ್ನಾನ ಪೂಜೆ ಮುಗಿಸಿ, ಪುಂಡಿ ಎಲೆ ಹಾಕಿ, ಮನೆಗೆ. ಇನ್ನೊಂದು ಸ್ನಾನಕ್ಕೆ ಮೊದಲೇ, ಬೇರೆ ಕಲ್ಲಿನಲ್ಲಿ, ಹುಣಸೆಹಣ್ಣು ಹಾಕಿ, ಶಿಫ್ಟಿನ ಡಬ್ಬಿಗೆ. "ಮನಿದು ಬ್ಯಾರೆ, ಮೀನಿಂದು ಬ್ಯಾರೆ," ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎರಡರ ರುಚಿ ಬೇರೆ ಎಂದು ಅಣ್ಣಾರ ನಾಲಿಗೆಗೆ ತಿಳಿಯದೆ ಇದ್ದೀತೇ? ಆದರೂ ಅವರು ಯಾಕೆ ಎಂದು ಕೇಳಲಿಲ್ಲ. "ಕೇಳಲಿಲ್ಲ ಅಂದ್ರ ಎಲ್ಲಾ ಗೊತ್ತೈತಿ ಅಂತಾತು," ಎಂದು ಅಕ್ಕ ನನಗೆ ಹೇಳಿದರು. ಇಬ್ಬರೂ ಬಾಯಿ ಬಿಡದೆ ವರ್ಷಗಟ್ಟಲೆ ಹೀಗೇ ನಡೆಸಿದರು.

ಆದರೆ ನಾನು ಒಂದನ್ನು ನೋಡಿದ್ದೇನೆ. ಊಟಕ್ಕೆ ಬಡಿಸಿ ಪುಡಿಯ ಡಬ್ಬಿ ಮುಂದಿಟ್ಟ ಮೇಲೆ ಅಕ್ಕ ಮೊದಲಿನ ಹಾಗೆ ಒಳಗೆ ಹೋಗುತ್ತಿರಲಿಲ್ಲ. ಬಾಗಿಲಿಗೆ ಒರಗಿ, ಏನೋ ನೆಪ ಮಾಡಿಕೊಂಡು ನಿಲ್ಲುತ್ತಿದ್ದರು. ಅಣ್ಣಾರು ತಲೆ ತಗ್ಗಿಸಿಕೊಂಡು ಉಂಡು ಎದ್ದು ಕೈ ತೊಳೆಯಲು ಹೋದರೆ ತಟ್ಟೆ ಎತ್ತಿಕೊಳ್ಳುತ್ತಿದ್ದರು. ನನಗೆ ಅಣ್ಣಾರ ಮೇಲೆ ಸಿಟ್ಟು ಬರುತ್ತಿತ್ತು. ಅಷ್ಟು ಜನರೆದುರು ಆಡಿದ ಮಾತನ್ನು ಒಬ್ಬಳೆದುರು ಆಡಲು ಏನು ಕಷ್ಟ?

ಅಕ್ಕ ಹೋಗಿ ಎರಡು ಮಳೆಗಾಲ ಕಳೆದವು. ಜ್ವರವೆಂದು ಮಲಗಿದವರು ಏಳಲಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆಗಳನ್ನೂ ತಿರುಗಿಸಿ ಮುರುಗಿಸಿ ನೋಡಿಯೇ ನುಂಗುತ್ತಿದ್ದರು. ಅಣ್ಣಾರು ಈಗ ಕಮಲಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಪೊಟ್ಟಣದ ಆ ಘಾಟು ಮೂಗಿಗೆ ಹತ್ತಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಅದೇ ವಾರದ ಭಾನುವಾರ ಹೋಗಿ ಬಂದೆ. ತುಂಬಿದ ಮನೆ, ಮೊಮ್ಮಕ್ಕಳ ಗಲಾಟೆ. ಅಣ್ಣಾರು ಯಾವುದೋ ಮ್ಯಾಚ್ ಹಚ್ಚಿಕೊಂಡು ಕೂತಿದ್ದರು. ಮಗಳು ಚಹಾ ಇಟ್ಟು ಒಳಗೆ ಹೋದಳು. ಅಣ್ಣಾರು ರಿಮೋಟ್ ಒತ್ತಿ ಟಿವಿಯ ಸದ್ದು ತೆಗೆದರು.

"ತಂಗಿ, ಒಂದು ಕೇಳ್ತೀನಿ, ಖರೇ ಹೇಳಬೇಕು. ಆ ಫೈನಲ್ ದಿನ ಬಾರಿನಾಗ ಆಕಿ ಜೋಡಿ ನೀನೂ ಇದ್ದಿ, ಹೌದಲ್ಲ? ಆ ಗದ್ಲದಾಗ ನಾನಂದದ್ದು ಆಕಿಗೆ ಕೇಳಿಸ್ತೇನು?"

ಇಷ್ಟು ವರ್ಷದ ಮೇಲೆ ಇದನ್ನು ಯಾಕೆ ಕೇಳುತ್ತಾರೆ ಎಂದು ಮೊದಲು ನನಗೆ ಅನುಮಾನವೇ ಬಂತು, ಅಭ್ಯಾಸ ಬಿಡುತ್ತದೆಯೇ. ಆಮೇಲೆ ಅವರ ಮುಖ ನೋಡಿದೆ. ಕೇಳಿಸ್ತ್ರಿ ಅಂದೆ. ಏನಂದಳು ಎಂದರು. ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಆದರೆ ಅಕ್ಕನ ಬಾಯಲ್ಲಿ ಇಲ್ಲದ ಮಾತನ್ನು ಇಡಲು ನನಗೆ ಮನಸ್ಸಾಗಲಿಲ್ಲ. "ನಾನು ಕುಂತದ್ದು ಗೊತ್ತಾಗೇ ಅಂದಾರ ಅಂದ್ರು," ಎಂದೆ.

ಅಣ್ಣಾರು ಸದ್ದಿಲ್ಲದ ಟಿವಿಯನ್ನು ನೋಡುತ್ತ ಕೂತರು. "ಆಕಿ ಸಂಶಯ ಎಂದೂ ಸುಳ್ಳಾಗಿದ್ದಿಲ್ಲ," ಅಂದರು. "ವೇಟರ್ ಬಂದು ನನ್ನ ಡಬ್ಬ್ಯಾಗಿಂದ ಪುಡಿ ಕೇಳಿದಾಗ ತಿಳೀತು. ಮೀನು ಬ್ಯಾಡ, ಬರೇ ಪುಡಿ ಸಾಕು ಅನ್ನಾಕಿ ಈ ಊರಾಗ ಇನ್ಯಾರದಾರ? ಆಕಿ ಕುಂತಾಳ ಅಂತ ಗೊತ್ತಾಗೇ ಅಂದೆ. ಎದುರಿಗೆ ನಿಂತು ಅನ್ನಾಕ ನನಗ ಬಾಯಿ ಬರ್ತಿದ್ದಿಲ್ಲವಾ. ಅವತ್ತು ನಡುವ ಗೋಡಿ ಇತ್ತು, ಅದಕ್ಕ ಬಂತು. ಮನಿಗೆ ಬಂದ ಮ್ಯಾಲ ಆಕಿ ಕೇಳಿದ್ರ ಹೌದು ಅಂತಿದ್ದೆ. ಆಕಿ ಕೇಳಲಿಲ್ಲ."

ಅಣ್ಣಾರು ಹೇಳಲೆಂದು ಅಕ್ಕ, ಅಕ್ಕ ಕೇಳಲೆಂದು ಅಣ್ಣಾರು ಕಾದಿದ್ದರು. ನನಗೆ ಅಳು ಬಂತು. ಚಹಾ ಆರಿತ್ತು, ಹಾಗೇ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಾಳೆತೋಟಗಳನ್ನು ನೋಡುತ್ತ ಬರುವಾಗ ಅಕ್ಕನ ಜೊತೆ ಮನಸ್ಸಿನಲ್ಲೇ ವಾದ ಮಾಡಿದೆ. ಅಕ್ಕ ಇದ್ದಿದ್ದರೆ ಇದನ್ನೂ ನಂಬುತ್ತಿರಲಿಲ್ಲ, ನಿನಗ ಹೇಳಿಕೊಟ್ಟು ಕಳಿಸ್ಯಾರ ಅನ್ನುತ್ತಿದ್ದರು. ನನಗೂ ಪೂರ್ತಿ ನಂಬಿಕೆ ಬಂದಿದೆಯೆಂದು ಹೇಳಲಾರೆ. ಹೋದವರ ಮೇಲೆ ಎಲ್ಲರಿಗೂ ಪ್ರೀತಿ ಹೆಚ್ಚಾಗುತ್ತದೆ. ನಂಬುವುದು ಬಿಡುವುದು ಅಕ್ಕನಿಗೆ ಸೇರಿದ್ದು. ಆದರೆ ಬಾಗಿಲಿಗೆ ಒರಗಿ ಅಷ್ಟು ವರ್ಷ ನಿಂತ ಹೆಂಗಸಿಗೆ, ಗೊತ್ತಾಗೇ ಅಂದೆ ಎಂಬ ಈ ಮಾತು ಒಂದು ಸಲ ಕೇಳಿಸಬೇಕಿತ್ತು.